ಅಜ್ಜಿ ರಾದಾಳ ಸಾವಿನ ಚೀಟಿ

ಮೂರು ತಿಂಗಳಿಂದ ವೆಸೆಲಿನಾಳ ಕೆಲಸವೆಂದರೆ ಕಣ್ಣು ಮುಚ್ಚಿ ಮಲಗುವುದು. ಹದಿನೆಂಟು ವರ್ಷ ಟೀವಿ ಧಾರಾವಾಹಿಯಲ್ಲಿ ಅಜ್ಜಿ ರಾದಾಳಾಗಿ ಸೊಸೆಯಂದಿರನ್ನು ಗೋಳು ಹೊಯ್ದುಕೊಂಡವಳನ್ನು ಕತೆ ಬರೆಯುವವರು ಆಸ್ಪತ್ರೆಯ ಹಾಸಿಗೆಗೆ ಕಳಿಸಿದ್ದರು. ಏಳುತ್ತಾಳೋ, ಹೋಗಿಯೇಬಿಡುತ್ತಾಳೋ, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಆ ಗುರುವಾರ ಬೆಳಿಗ್ಗೆ ಸ್ಟುಡಿಯೋದ ಸಾಮಾನು ಕೋಣೆಯಲ್ಲಿ ಅವಳಿಗೇ ಗೊತ್ತಾಯಿತು. ಮೇಜಿನ ಮೇಲೆ ಕಪ್ಪು ಅಂಚಿನ ಕಾಗದ. ಅದರಲ್ಲಿ ಅವಳದೇ ಫೋಟೋ, ಕೆಳಗೆ ‘ನಮ್ಮ ಪ್ರೀತಿಯ ಅಜ್ಜಿ ರಾದಾ’. ಬಾಗಿಲಿಗೆ ಸಾವಿನ ಚೀಟಿ ಅಂಟಿಸದೆ ಸೋಫಿಯಾ ನಗರದಲ್ಲಿ ಯಾರೂ ಸತ್ತ ಲೆಕ್ಕಕ್ಕೆ ಬರುವುದಿಲ್ಲ. ಚೀಟಿಯೇ ಇಲ್ಲದಿದ್ದರೆ ಹೇಗೆ ಕೊಲ್ಲುತ್ತಾರೆ? ಜನ್ಮದಲ್ಲಿ ಒಂದು ಗುಂಡುಸೂಜಿ ಕದಿಯದವಳು ಅದನ್ನು ಮಡಚಿ ಚೀಲಕ್ಕೆ ತುರುಕಿಕೊಂಡಳು.

ಟ್ರಾಮಿನಲ್ಲಿ ಕೂತರೆ ನಿಲ್ಲಬೇಕೆನಿಸಿತು, ನಿಂತರೆ ಇಳಿಯಬೇಕೆನಿಸಿತು. ಮನೆಯ ಮೆಟ್ಟಿಲಲ್ಲಿ ಗಡಿಬಿಡಿಯಿಂದ ಕೀಲಿಕೈ ತೆಗೆಯುವಾಗ ಕಾಗದ ಕೆಳಗೆ ಬಿದ್ದದ್ದು ಅವಳಿಗೆ ತಿಳಿಯಲಿಲ್ಲ.

ಕಟ್ಟಡದ ಉಸ್ತುವಾರಿ ತ್ಸೋಂಕಾಳ ಕಣ್ಣಿಗೆ ಅದು ಬಿತ್ತು. ಆಕೆ ಕಣ್ಣೊರೆಸಿಕೊಂಡು, ನಾಲ್ಕು ಮೂಲೆಗೂ ಅಂಟು ಬಳಿದು, ಅದನ್ನು ಕಟ್ಟಡದ ಮುಂಬಾಗಿಲಿಗೆ ನೀಟಾಗಿ ಅಂಟಿಸಿದಳು.

ಮಧ್ಯಾಹ್ನ ಕರೆಗಂಟೆ ಸದ್ದು ಮಾಡಿತು. ವೆಸೆಲಿನಾ ಬಾಗಿಲು ತೆರೆದರೆ ತ್ಸೋಂಕಾ ಸತ್ತವರ ಹೆಸರಲ್ಲಿ ಹಂಚುವ, ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿಯ ಬಟ್ಟಲು ಹಿಡಿದು ನಿಂತಿದ್ದಳು. ಹಿಂದೆ ಮೂರನೇ ಮಹಡಿಯ ಮುದುಕ ಸ್ಪಾಸ್, ಕೈಯಲ್ಲಿ ನಾಲ್ಕು ಕೆಂಪು ಹೂ.

“ಸತ್ತೋರೇ ಬಾಗಿಲು ತೆಗೀತಿದಾರಲ್ಲ” ಎಂದ ಸ್ಪಾಸ್. ಸರಿಸಂಖ್ಯೆಯ ಹೂ ಸತ್ತವರಿಗೆ ಮಾತ್ರ. ಥಟ್ಟನೆ ಒಂದನ್ನು ಕೋಟಿನ ಜೇಬಿಗಿಳಿಸಿ ಉಳಿದ ಮೂರನ್ನು ಚಾಚಿದ.

ಮೆಟ್ಟಿಲಲ್ಲಿ ಸಿಕ್ಕ ಚೀಟಿಯನ್ನು ಕೆಳಗೆ ಬಾಗಿಲಿಗೆ ಅಂಟಿಸಿದ್ದನ್ನು ತ್ಸೋಂಕಾ ಹೇಳಿದಳು.

“ಆ ಚೀಟಿ ನಂದಲ್ಲ ತ್ಸೋಂಕಾ, ರಾದಾದು.”

“ನೀವೇ ಅಲ್ವೇನ್ರೀ ರಾದಾ?”

“ನಾನು ಪಾತ್ರ ಮಾಡೋಳು. ಅವರು ಸಾಯಿಸ್ತಿರೋದು ಅವಳನ್ನ.”

ತ್ಸೋಂಕಾಳ ಮುಖ ಕೆಂಡದ ಮೇಲಿಟ್ಟ ಕೆಂಪು ಮೆಣಸಿನಕಾಯಿಯಂತಾಯಿತು. “ನೀವು ಹೋದ್ರೆ ಬೇಜಾರೇ, ಇಲ್ಲ ಅನ್ನಲ್ಲ. ಆದ್ರೆ ರಾದಾನೇ ಹೋದ್ರೆ ದಿನಾ ಎಂಟು ಗಂಟೆಗೆ ನಾವೇನ್ರೀ ಮಾಡೋದು?”

ಅರ್ಧ ಗಂಟೆಯಲ್ಲಿ ಇಡೀ ಕಟ್ಟಡ ರಾದಾಳನ್ನು ಸಾಯಿಸಬಾರದೆಂದು ಟೀವಿ ಕಚೇರಿಗೆ ಫೋನು ಹಚ್ಚಿತು. “ಚೀಟಿ ನಮ್ಮ ಬಾಗಿಲ ಮೇಲೇ ಇದೆ ಸ್ವಾಮಿ, ಬಂದು ನೋಡ್ಕೊಳ್ಳಿ” ಎಂದು ತ್ಸೋಂಕಾ ಬೀದಿ, ಕಟ್ಟಡ, ಮಹಡಿ ಎಲ್ಲ ಬಿಡಿಸಿ ಹೇಳಿದಳು. ಬೇಡ ಬೇಡವೆಂದು ವೆಸೆಲಿನಾ ಆಡಿಸಿದ ಕೈಯನ್ನು ನೊಣ ಓಡಿಸುತ್ತಿದ್ದಾಳೆಂದೇ ಎಲ್ಲರೂ ತಿಳಿದರು.

ಆರು ಗಂಟೆಗೆ ನಿರ್ದೇಶಕ ಪ್ಲಾಮೆನ್ ಫೋನು ಮಾಡಿದ. “ನೀವೇ ಗೆದ್ರಿ ಮೇಡಂ. ರಾದಾ ಸಾಯಲ್ಲ. ಸೋಮವಾರ ಕಣ್ಣು ಬಿಡ್ತಾಳೆ.”

ವೆಸೆಲಿನಾ ಚಪ್ಪಲಿ ಗೂಡಿನ ಮೇಲೇ ಕುಸಿದು ಕೂತಳು. “ಬಿಟ್ಟ ಕೂಡ್ಲೇ ಸೊಸೇನ ಬೈಲಾ?”

“ಬೈತಾಳೆ. ನೀವಲ್ಲ, ಇನ್ನೊಬ್ರು. ಕತೆ ಗುಟ್ಟು ಹೊರಗೆ ಬಿಟ್ಟೋರಿಗೆ ಕೆಲಸ ಇಲ್ಲ ಅಂತ ಕರಾರಿನಲ್ಲೇ ಇದೆಯಲ್ಲ. ನಿಮ್ಮ ವಿಳಾಸ ನಲವತ್ತು ಜನ ಕೊಟ್ರು. ಆಸ್ಪತ್ರೇಲಿ ಮುಖಕ್ಕೆ ಆಪರೇಷನ್ ಆಯ್ತು ಅಂತ ತೋರಿಸಿಬಿಡ್ತೀವಿ.”

ಅವಳು ಫೋನು ಇಟ್ಟು, ಇನ್ನೂ ಅಲ್ಲೇ ಕಾದಿದ್ದ ತ್ಸೋಂಕಾ ಮತ್ತು ಸ್ಪಾಸ್‌ಗೆ ವಿಷಯ ಹೇಳಿದಳು. ತ್ಸೋಂಕಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

“ಅಂತೂ ರಾದಾ ಬದುಕ್ಕೊಂಡ್ಳು, ದೇವರು ದೊಡ್ಡೋನು. ಅಂದಹಾಗೆ, ನಿಮ್ಮ ಹೆಸರೇನಂದ್ರಿ?”

ಸ್ಪಾಸ್ ಕೋಟಿನ ಜೇಬಿನಿಂದ ನಾಲ್ಕನೆಯ ಹೂವನ್ನು ತೆಗೆದು, ಬಾಗಿದ ದಂಟನ್ನು ನೆಟ್ಟಗೆ ಮಾಡಿ, ವೆಸೆಲಿನಾಳ ಕೈಯಲ್ಲಿದ್ದ ಮೂರರ ಜೊತೆಗೆ ಸೇರಿಸಿದ.