ಶಿವನಂಜಪ್ಪನ ಕಿವಿ, ಗುರುಬಸಮ್ಮನ ಮಿಕ್ಸಿ

ವಯನಾಡು ಜಿಲ್ಲೆ ಆಗಿ ಹತ್ತು-ಹದಿನೈದು ವರ್ಷ ಆಗಿತ್ತೋ ಏನೋ. ಕಾಟ್ಟಿಕುಳದ ಮೆಣಸಿನ ವ್ಯಾಪಾರಿ ಶಿವನಂಜಪ್ಪನ ಜಂಬ ಮಾತ್ರ ಜಿಲ್ಲೆಗಿಂತ ಹಳೇದು! "ಬಾವಲಿ ಚೆಕ್‌ಪೋಸ್ಟ್ ಗೇಟಲ್ಲಿ ಲಾರಿ ಕೆಮ್ಮಿದ್ರೆ ಇಲ್ಲಿ ಕೂತು ನಂಬರ್ ಹೇಳ್ತೀನಿ, ಅಂಥ ಕಿವಿ ನಂದು!"

ಅಂಥ ಕಿವಿಗೆ ಮನೇಲಿದ್ದ ಸಿ.ಡಿ. ಪ್ಲೇಯರ್ ಸಾಲದಾಯ್ತು. ಮಾನಂದವಾಡಿಯ ರೇಡಿಯೋ ಅಂಗಡೀಲಿ ಹೊಸಾದೊಂದು ನೋಡಿ ಬಂದ.

"ಇರೋದು ಹಾಡ್ತಾ ಇಲ್ವಾ?" ಅಂದಳು ಹೆಂಡತಿ ಗುರುಬಸಮ್ಮ. "ಒರಳಲ್ಲಿ ಅರೆದೂ ಅರೆದೂ ನನ್ನ ರಟ್ಟೆ ಬಿದ್ದೋಯ್ತು. ಮಿಕ್ಸಿ ತನ್ನಿ!"

"ಅಯ್ಯೋ ಪೆದ್ದೀ, ಆ ಸಿ.ಡಿ. ತಟ್ಟೇಲಿ ಹಾಡಿಲ್ಲ ಕಣೇ, ಬರೀ ಅಂಕಿ! ಒಳಗಿರೋ ಕನ್ವರ್ಟರು ಅಂಕೀನ ಹಾಡು ಮಾಡ್ತದೆ. ಹಳೇದ್ರ ಕನ್ವರ್ಟರು ಬರೀ ತೌಡು, ಹೊಸಾದ್ರದ್ದು ಜೇನು!"

"ನಂಗೆ ಎರಡೂ ಒಂದೇ."

"ಹಂಗಾದ್ರೆ ನನ್ನ ಕಣ್ಣು ಕಟ್ಟು! ಯಾವುದು ಯಾವುದು ಅಂತ ಹೇಳದಿದ್ರೆ ಮಿಕ್ಸಿ ನಿಂದು!"

ಭಾನುವಾರ ಅಂಗಡಿಯ ರಾಘವನ್ ಹೊಸ ಪ್ಲೇಯರ್ ಹೊತ್ತು ಬಂದ. ಎರಡನ್ನೂ ಒಂದೇ ಸ್ಪೀಕರಿಗೆ ಸಿಗಿಸಿದ. ಹಾಕಿದ್ದು ಸೋಬಾನೆ ಪದದ ತಟ್ಟೆ. ತಾಳವಿಲ್ಲ, ಮೇಳವಿಲ್ಲ, ಒಂದು ಹೆಣ್ಣಿನ ಗಂಟಲು, ಅಷ್ಟೇ. ಗುರುಬಸಮ್ಮ ಟವಲಿಂದ ಗಂಡನ ಕಣ್ಣು ಬಿಗಿದಳು.

ಮೊದಲ ಪ್ಲೇಯರ್ ಹಾಡಿತು. ಶಿವನಂಜಪ್ಪ ಮೂಗು ಮುರಿದ. "ತೌಡು! ಇದೇ ಹಳೇದು! ಮುಂದಿಂದು ಹಾಕು!"

ರಾಘವನ್ ತಟ್ಟೆ ತೆಗೆದು ಇನ್ನೊಂದಕ್ಕೆ ಹಾಕಿ ವೈರು ಬದಲಾಯಿಸಿದ, ಗುಂಡಿ ಒತ್ತಿದ. ಅಷ್ಟರಲ್ಲೇ ಕರೆಂಟು ಹೋಯ್ತು! ಅವನು ಬಾಯಿ ತೆರೆಯೋದ್ರೊಳಗೆ ಗುರುಬಸಮ್ಮ ಸುಮ್ಮನಿರು ಅಂತ ಸನ್ನೆ ಮಾಡಿ, ಸ್ಪೀಕರ್ ಪಕ್ಕ ಕೂತು ಅದೇ ಪದ ಎತ್ತಿಕೊಂಡಳು. ಬಾವಲಿಯಿಂದ ಮಾನಂದವಾಡಿವರೆಗೆ ನಮ್ಮ ಕನ್ನಡದೋರ ಮದುವೆ ಅಂದ್ರೆ ಸೋಬಾನೆಗೆ ಅವಳೇ ಬೇಕು. ಶಿವನಂಜಪ್ಪ ಮಾತ್ರ ಆ ಹೊತ್ತಿಗೆಲ್ಲ ಊಟದ ಪಂಕ್ತೀಲಿ ಜಾಗ ಹಿಡಿದಿರ್ತಿದ್ದ!

"ಆಹಾ!" ಶಿವನಂಜಪ್ಪ ತೊಡೆ ತಟ್ಟಿದ. "ಉಸಿರೆಳೆದುಕೊಳ್ಳೋದೂ ಕೇಳ್ತದೆ! ಬಳೆ ಸದ್ದೂ ಕೇಳ್ತದೆ! ಮಹಾತಾಯಿ ಎದುರಿಗೇ ಕೂತಂಗಿದೆ! ರಾಘವಾ, ಕನ್ವರ್ಟರ್ ಅಂದ್ರೆ ಇದಪ್ಪಾ! ಇದೇ ಹೊಸಾದು!"

ಟವಲು ಬಿಚ್ಚಿದ. ದೀಪ ಆರಿದೆ, ಎರಡು ಪ್ಲೇಯರೂ ಸತ್ತು ಬಿದ್ದಿವೆ. ಹಾಡು ಮಾತ್ರ ನಡೀತಾನೇ ಇದೆ!

"ಕರೆಂಟ್ ಪೋಯಲ್ಲೋ ಚೇಟ್ಟಾ, ಕರೆಂಟು ಹೋಗಿ ಆಗ್ಲೇ ಹೊತ್ತಾಯ್ತು," ಅಂದ ರಾಘವನ್ ನಗು ತಡಕೊಂಡು. "ಆಗ ತೌಡು ಅಂದ್ರಲ್ಲ, ಅದೇ ಹೊಸಾದು!"

ಶಿವನಂಜಪ್ಪನ ಕಿವಿ ಕೆಂಪಗಾಯ್ತು. ಆದ್ರೂ ಎದೆ ಇಳೀಲಿಲ್ಲ, ಇನ್ನೂ ಉಬ್ಬಿತು. "ನೋಡ್ದೇನೋ? ಎರಡನ್ನೂ ಸೋಲಿಸೋ ಮೆಶೀನು ನನ್ನ ಮನೇಲೇ ಇದೆ! ಕರೆಂಟೇ ಬೇಡ! ಗುರುಬಸೀ, ಇನ್ನೊಂದು ಪದ ಹಾಡೇ!"

ಗುರುಬಸಮ್ಮ ಟವಲು ಮಡಚಿ ಅವನ ಹೆಗಲಿಗೆ ಹಾಕಿದಳು.

"ಈ ಮೆಶೀನು ಮಿಕ್ಸಿ ಬರೋತನಕ ಹಾಡೋದೂ ಇಲ್ಲ, ಅರೆಯೋದೂ ಇಲ್ಲ. ಒರಳು ಅಲ್ಲಿದೆ. ಹೋಗಿ ಚಟ್ನಿಗೆ ಕೂತ್ಕೊಳಿ!"