ಹಂಚಿನಿಂದ ತಾಟಿಗೆ ಒಂದು ಬಿಸಿ ಚಪಾತಿ

ನನ್ನ ಕೈಗೆ ಬಂದ ಯಾವ ಕೆಲಸವೂ ನೆಟ್ಟಗೆ ಹೊರಟು ನೆಟ್ಟಗೆ ಮುಟ್ಟಿದ್ದಿಲ್ಲ. ಉಟಗಿಯಲ್ಲಿ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಕಾಲು ಮಷೀನು ತುಳಿಯುತ್ತಿರುತ್ತದೆ, ಮನಸ್ಸು ಬಾಲಗಾಂವದ ಹಾದಿ ಹಿಡಿದು ಯಾರದೋ ಜೋಳದ ಹೊಲದ ಬದುವಿನ ಮೇಲೆ ಕೂತಿರುತ್ತದೆ. ಅದು ತಿರುಗಿ ಬರುವಷ್ಟರಲ್ಲಿ ಪಾಯಿಜಾಮಕ್ಕೆ ಅಂಗಿಯ ಕಿಸೆ ಹತ್ತಿರುತ್ತದೆ. ಗಿರಾಕಿಗಳು ಮೊದಮೊದಲು ಬೈದರು, ಈಗ ಮನೆಯಲ್ಲೇ ಬಿಚ್ಚಿ ಸರಿ ಮಾಡಿಕೊಳ್ಳುತ್ತಾರೆ. ಇಂಥವನು ಚಪಾತಿ ಮಾಡಲು ಹೋದರೆ ಏನೇನು ಆಗಬೇಕೋ ಎಲ್ಲ ಆಯಿತು.

ಶುರುವಾದದ್ದು ಹೀಗೆ. ಒಂದು ಮಧ್ಯಾಹ್ನ ದಾರದ ಉಂಡೆ ಹುಡುಕುತ್ತ ಒಳಗೆ ಹೋದೆ. ನಾನು ಬಿಸಿ ರೊಟ್ಟಿ ಉಂಡು ಎದ್ದು ಒಂದು ತಾಸಾಗಿತ್ತು. ನನ್ನ ಹೆಂಡತಿ ಒಲೆಯ ಪಕ್ಕ ಕೂತು ಆರಿ ಸೆಟೆದ ರೊಟ್ಟಿಯನ್ನು ಎರಡೂ ಕೈಯಿಂದ ಮುರಿಯುತ್ತಿದ್ದಳು. ಮದುವೆಯಾಗಿ ಇಪ್ಪತ್ತೆರಡು ವರ್ಷ. ಅವಳು ಉಣ್ಣುವುದನ್ನು ನಾನು ನಿಂತು ನೋಡಿದ್ದು ಅದೇ ಮೊದಲು.

"ಬಿಸೀದು ಯಾಕ ತಿನ್ನಲಿಲ್ಲ?" ಎಂದೆ.

"ಬಡಿಯಾಕಿ ತಿನ್ನಾಕ ಕುಂತ್ರ ಬಡಿಯಾವ್ರು ಯಾರ್ರಿ?" ಎಂದಳು. ಸಿಟ್ಟಿಲ್ಲ, ದುಃಖವಿಲ್ಲ. ಇವತ್ತು ಸೋಮವಾರ ಎನ್ನುವ ಹಾಗೆ ಹೇಳಿದಳು.

ನನಗೆ ನಾಚಿಕೆಯಾಯಿತು. ಮಷೀನಿಗೆ ಮರಳಿ ಕೂತರೂ ಕಾಲು ಏಳಲಿಲ್ಲ. ಒಂದು ದಿನ ಅವಳನ್ನು ಕೂರಿಸಿ, ಹಂಚಿನಿಂದ ನೇರ ಅವಳ ತಾಟಿಗೆ ಒಂದು ಬಿಸಿಯಾದದ್ದು, ಮೆತ್ತಗಿನದು ಹಾಕಬೇಕು ಎಂದು ನಿಶ್ಚಯ ಮಾಡಿದೆ. ಒಂದೇ ಒಂದು. ಅಷ್ಟೂ ಆಗದಿದ್ದರೆ ಗಂಡನೆಂದು ಯಾಕಿರಬೇಕು?

ಸಪ್ಪಳ

ರೊಟ್ಟಿ ಕಲಿಯುವ ಹಾಗಿರಲಿಲ್ಲ. ನಮ್ಮ ಓಣಿಯಲ್ಲಿ ಕಣ್ಣು ಮುಚ್ಚಿಕೊಂಡು ನಿಂತರೂ ಯಾರ ಮನೆಯಲ್ಲಿ ಯಾರು ರೊಟ್ಟಿ ಬಡಿಯುತ್ತಿದ್ದಾರೆ ಎಂದು ಹೇಳಬಹುದು. ಒಬ್ಬೊಬ್ಬರ ಕೈಗೆ ಒಂದೊಂದು ಸಪ್ಪಳ. ಹೆಂಡತಿ ಕಸ ತೆಗೆಯಲು ಹೊಲಕ್ಕೆ ಹೋದ ಹೊತ್ತಿನಲ್ಲಿ ಟೇಲರನ ಮನೆಯಿಂದ ಪಟಪಟ ಕೇಳಿದರೆ, ಸಂಜೆಯ ಎಸ್‌ಟಿ ಬಸ್ಸಿನಲ್ಲಿ ಸುದ್ದಿ ಮಾಡಗ್ಯಾಳಕ್ಕೆ ಹೋಗುತ್ತದೆ. ಚಪಾತಿ ಮೂಕ. ಲಟ್ಟಿಸಿದರೂ ಸಪ್ಪಳವಿಲ್ಲ, ಬೇಯಿಸಿದರೂ ಸಪ್ಪಳವಿಲ್ಲ. ಅದಕ್ಕೇ ಚಪಾತಿ.

ಮೊದಲ ದಿನ ಹೆಂಡತಿ ಹೊಲಕ್ಕೆ ಹೋದದ್ದೇ ತಡ, ಹಿಟ್ಟಿಗೆ ನೀರು ಹಾಕಿದೆ. ಹಾಕುವಾಗ ಮನಸ್ಸು ಎಲ್ಲಿಗೋ ಹೋಯಿತು, ತಂಬಿಗೆ ಬರಿದಾದ ಮೇಲೆ ಬಂತು. ಎರಡೂ ಕೈ ಮೊಣಕೈಯವರೆಗೆ ಕಣಿಕದಲ್ಲಿ ಸಿಕ್ಕವು. ಅಷ್ಟರಲ್ಲಿ ಅಂಗಡಿಯಲ್ಲಿ ಸಾಲಿ ಮಾಸ್ತರರ ದನಿ ಕೇಳಿತು. ಓಡಿಬಂದು ಮಷೀನಿನ ಮೇಲಿದ್ದ ಬಟ್ಟೆಯೊಳಗೆ ಕೈ ಮುಚ್ಚಿಕೊಂಡು ಕೂತೆ. ಆ ಬಟ್ಟೆ ಅವರದೇ ಪ್ಯಾಂಟಾಗಿತ್ತು.

ಮಾಸ್ತರರು ಪ್ಯಾಂಟು ಎಳೆದು ನೋಡಿದರು, ಬೆರಳಿಂದ ಮುಟ್ಟಿದರು, ಮೂಸಿದರು. ನಾನು ಉಸಿರು ಹಿಡಿದೆ.

"ಗಂಜಿ ಹಾಕಿ ಕೊಡ್ತೀರಂತ ಮೊದ್ಲ ಯಾಕ ಹೇಳಲಿಲ್ರಿ?" ಎಂದರು. "ನಾಳಿ ಎರಡು ಅಂಗಿ ತರ್ತೀನಿ, ಅವಕ್ಕೂ ಹಾಕ್ರಿ."

ಟಗರು

ನೀರಿನ ಹದ ಸಿಕ್ಕಿತು ಎನ್ನುವಾಗ ಆಕಾರ ಕೈಕೊಟ್ಟಿತು. ಒಂದು ಚಪಾತಿ ಅಂಗಿಯ ತೋಳಿನ ಹಾಗೆ ಬಂದರೆ ಇನ್ನೊಂದು ಕಾಲರಿನ ಹಾಗೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ನಾನೂ ಲಟ್ಟಣಿಗೆಯನ್ನು ಬೈದೆ. ಕೊನೆಗೆ ನನಗೆ ಬರುವ ವಿದ್ಯೆಯನ್ನೇ ನೆಚ್ಚಿದೆ. ಲಟ್ಟಿಸಿದ್ದರ ಮೇಲೆ ತಾಟು ಬೋರಲು ಹಾಕಿ, ಸುತ್ತ ಗೆರೆ ಎಳೆದು, ಕತ್ತರಿಯಿಂದ ಕತ್ತರಿಸಿದೆ. ಗುಂಡಗೆ, ಎಷ್ಟು ಚಂದ! ಬೇಯಿಸಿ ಕೆಳಗಿಟ್ಟ ಮೇಲೆ ಅಂಚಿಗೆ ನೀಲಿ ಬಳೆ ಕಂಡಿತು. ಗೆರೆ ಎಳೆದದ್ದು ಬಟ್ಟೆಗೆ ಗುರುತು ಹಾಕುವ ನೀಲಿ ಸುಣ್ಣದಿಂದ.

ನೀಲಿ ಅಂಚು ಕತ್ತರಿಸಿ ಒಲೆಗೆ ಹಾಕಿ, ಉಳಿದದ್ದನ್ನು ಎದುರು ಮನೆಯ ಕುರಿಗಾರರ ಟಗರಿಗೆ ಕೊಟ್ಟೆ. ಮಾಡಗ್ಯಾಳ ತಳಿ, ಮೂಗು ಬಾಗಿ, ಊರ ಗೌಡನಿಗಿಂತ ಹೆಚ್ಚು ಗತ್ತು. ಆಮೇಲೆ ಕೆಟ್ಟ ಚಪಾತಿಯೆಲ್ಲ ಅದಕ್ಕೇ ಹೋಯಿತು. ನಾಲ್ಕು ದಿನ ತಿಂದಿತು. ಐದನೆಯ ದಿನ ಮೂಸಿ ನೋಡಿ, ಆ ಮೂಗನ್ನು ಮೇಲೆತ್ತಿ ಮುಖ ತಿರುಗಿಸಿತು. ನಾನು ಬಹಳ ಹೊತ್ತು ಕಟ್ಟೆಯ ಮೇಲೆ ಕೂತೆ. ಬಿಸಿಲು ಬಾಗಿಲಿನಿಂದ ಅಂಗಳಕ್ಕೆ ಇಳಿಯಿತು, ನಾನು ಏಳಲಿಲ್ಲ. ಕುರಿ ತಿನ್ನದ್ದನ್ನು ಹೆಂಡತಿಗೆ ಹಾಕುವುದು ಹೇಗೆ?

ತಿನ್ನದಿದ್ದರೂ ಟಗರು ಬರುವುದನ್ನು ಬಿಡಲಿಲ್ಲ. ದಿನಾ ಅದೇ ಹೊತ್ತಿಗೆ ಬಂದು ಅಂಗಡಿಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿತ್ತು. ಒಂದು ದಿನ ಕುರಿಗಾರರು ಹಗ್ಗ ಹಿಡಿದು ಬಂದರು.

"ಟೇಲರ, ನಮ್ಮ ಟಗರು ನಿಮ್ಮ ಬಾಗಿಲು ಬಿಟ್ಟು ಕದಲೂದಿಲ್ಲ. ಏನರ ಹೊಲ್ಯಾಕ ಅಳತಿ ಕೊಟ್ಟೈತೇನು?"

ಕಿವಿ

ಚಪಾತಿಗೆ ಸಪ್ಪಳವಿಲ್ಲ ಎಂದು ನಂಬಿದ್ದ ನಾನು ವಾಸನೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮ್ಮ ಹಿತ್ತಿಲ ಗೋಡೆಯ ಆಚೆ ಕಿರಾಣಿ ಅಂಗಡಿಯವರ ಮನೆ. ಅವರ ಹೆಂಡತಿಯನ್ನು ನಾವು ಓಣಿಯವರೆಲ್ಲ ಆಪಾ ಎನ್ನುತ್ತೇವೆ. ಒಂದು ಮುಂಜಾನೆ ಗೋಡೆಯ ಮೇಲೆ ಅವರ ಮುಖ ಕಂಡಿತು.

"ಭಾಯ್, ಎಂಟು ದಿನ ಆತು, ಸುಟ್ಟ ಗೋಧಿ ವಾಸನಿ ಬರಾಕತ್ತೈತಿ. ಮನ್ಯಾಗ ಅಕ್ಕಾ ಇಲ್ಲ. ಏನು ನಡಿಸೀರಿ?"

ಸಿಕ್ಕಿಬಿದ್ದೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ಆಪಾ ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. "ನಾ ಯಾರ ಮುಂದೂ ಹೇಳೂದಿಲ್ಲ. ಆದ್ರ ಇದು ನಮ್ಮ ಮನಿಯವರ ಕಿವಿಗಿ ಬಿದ್ರ ಚಲೋ ಇತ್ತು" ಎಂದರು. ಆಮೇಲೆ ಗೋಡೆಯ ಮೇಲಿಂದಲೇ ಪಾಠ ಶುರುವಾಯಿತು. ಉಗುರು ಬೆಚ್ಚಗಿನ ನೀರು ಹಾಕಬೇಕು. ನಾದಿದ ಮೇಲೆ ಹಸಿ ಬಟ್ಟೆ ಮುಚ್ಚಿ ಅರ್ಧ ತಾಸು ಬಿಡಬೇಕು. ನಡುವೆ ಎಣ್ಣೆ ಸವರಿ, ಹಿಟ್ಟು ಉದುರಿಸಿ, ಮಡಚಿ ಲಟ್ಟಿಸಬೇಕು. ಎಲ್ಲಕ್ಕಿಂತ ದೊಡ್ಡ ಗುಟ್ಟು: "ಕಣಿಕ ಕಿವಿ ಹಾಲಿ ಹಂಗ ಮೆತ್ತಗಿರ್ಬೇಕು. ಇದನ್ನ ಹಿಚುಕ್ರಿ, ಅದನ್ನ ಹಿಚುಕ್ರಿ. ಎರಡೂ ಒಂದ ಅನಿಸಬೇಕು."

ಅದು ನನಗೆ ಬಹಳ ಹಿಡಿಸಿತು. ನಿಂತಲ್ಲಿ ಕೂತಲ್ಲಿ ಕಿವಿ ಮುಟ್ಟಿ ನೋಡತೊಡಗಿದೆ. ಒಂದು ದಿನ ಅಂಗಡಿಯ ನಡುವೆ, ಕೈ ಕಿವಿಯ ಮೇಲೆ, ಕಣ್ಣು ಅರ್ಧ ಮುಚ್ಚಿ, ಹದ ನೆನೆಯುತ್ತ ನಿಂತಿದ್ದೆ. ಒಬ್ಬ ಹೆಣ್ಣುಮಗಳು ದುಸುದುಸು ಮಾಡುತ್ತ ಒಳಗೆ ಬಂದಳು. ಅವಳ ಜಂಪರು ಕೊಡಬೇಕಾದ ದಿನ ಕಳೆದು ವಾರವಾಗಿತ್ತು. ಬೈಯಲು ಬಾಯಿ ತೆರೆದವಳು ನನ್ನ ಕಿವಿ ನೋಡಿ ಮೆತ್ತಗಾದಳು.

"ಇರ್ಲಿ ಬಿಡ್ರಿ. ಇಷ್ಟು ದೊಡ್ಡವರಾಗಿ ಕಿವಿ ಹಿಡಕೋಬ್ಯಾಡ್ರಿ. ನಾಳಿ ಕೊಟ್ರ ನಡೀತೈತಿ."

ಮರುದಿನವೂ ಜಂಪರು ಮುಗಿದಿರಲಿಲ್ಲ. ಎರಡೂ ಕಿವಿ ಹಿಡಿದೆ.

ಮಾಮಾನ ಪುಣ್ಯ

ಕೊನೆಗೆ ಒಂದು ದಿನ ಚಪಾತಿ ಉಬ್ಬಿತು. ಹಂಚಿನ ಮೇಲೆ ಮೊದಲು ಸಣ್ಣ ಗುಳ್ಳೆ ಎದ್ದವು. ತಿರುವಿ ಹಾಕಿ, ಅಂಚನ್ನು ಬಟ್ಟೆಯಿಂದ ಮೆಲ್ಲಗೆ ಒತ್ತಿದೆ. ಗುಳ್ಳೆಯೊಂದು ಇನ್ನೊಂದನ್ನು ಕೂಡಿ, ಇಡೀ ಚಪಾತಿ ಉಸಿರು ತೆಗೆದುಕೊಂಡು ಎದ್ದು ಕೂತಿತು. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದಿತ್ತು. ನಾನು ನೋಡುತ್ತ ನಿಂತೆ. ಹೊರಗೆ ಜತ್ತದ ಬಸ್ಸು ಬಂತು, ಹೋಯಿತು. ಯಾವುದೋ ಬೇರೆ ಊರಿನ ಬಸ್ಸಿನ ಹಾಗೆ ಕೇಳಿತು. ಅಷ್ಟು ಸಂತೋಷ ನನಗೆ ಮೊದಲ ಮಷೀನು ತಂದ ದಿನವೂ ಆಗಿರಲಿಲ್ಲ. ಆ ಚಪಾತಿ ಸುಟ್ಟು ಕರಿಯಾಯಿತು ಎನ್ನುವುದು ಬೇರೆ ಮಾತು. ಕೈ ಬಂದಿತ್ತು, ಉಳಿದವೆಲ್ಲ ಸರಿಯಾಗಿ ಬಂದವು.

ಇವತ್ತೇ ಹೆಂಡತಿ ಬಂದ ಕೂಡಲೇ ಕೂರಿಸಿಬಿಡಬೇಕು ಎಂದು ಕೊನೆಯ ಉಂಡೆ ಉಳಿಸಿಕೊಂಡು ಕಾದೆ. ಬಂದಳು. ಹಿಂದೆ ಅವಳ ತಮ್ಮ. ಬಸ್ಸಿನಿಂದ ಇಳಿದವನು ಹೊಲದ ಹಾದಿಯಲ್ಲಿ ಸಿಕ್ಕಿದ್ದನಂತೆ. ಮನೆಗೆ ಬಂದವರನ್ನು ಬಿಟ್ಟು ಮನೆಯವರಿಗೆ ಬಿಸಿಯದು ಹಾಕುವ ಪದ್ಧತಿ ನಮ್ಮ ಕಡೆ ಇಲ್ಲ. ಅವಳು ಒಳಗೆ ಹೋದಳು, ಮಾಡಿಟ್ಟ ಚಪಾತಿಯ ರಾಶಿ ನೋಡಿದಳು, ನನ್ನನ್ನು ನೋಡಿದಳು, ಕಿವಿಗೆ ಹತ್ತಿದ್ದ ಹಿಟ್ಟನ್ನು ನೋಡಿದಳು. ಉಳಿದಿದ್ದ ಉಂಡೆಯನ್ನೂ ಲಟ್ಟಿಸಿ, ಬಿಸಿಬಿಸಿಯದು ತಮ್ಮನಿಗೇ ಬಡಿಸಿದಳು. ಅವನು ಆರು ತಿಂದ. ಅವಳಿಗೆ ಉಳಿದದ್ದು ಅಡಿಯಲ್ಲಿದ್ದ ಒಂದು, ಅದೂ ಆರಿದ್ದು.

ಕೈ ತೊಳೆದು ಬಂದ ಮೈದುನ ನನ್ನ ಬೆನ್ನು ತಟ್ಟಿದ.

"ಮಾಮಾ, ನೀವು ಪುಣ್ಯಾ ಮಾಡೀರಿ. ಇಂಥಾ ಮೆತ್ತಗಿನ ಚಪಾತಿ ಮಾಡಾಕಿ ಸಿಕ್ಕಾಳ. ನೀವರ ಏನ್ರಿ, ಕುಂತಲ್ಲೇ ತಿಂತೀರಿ."

ಒಳಗಿನಿಂದ ಹೆಂಡತಿ ಹೇಳಿದಳು: "ಹೌದಪಾ, ಅವರಿಗಿ ಅಡಿಗಿ ಮನಿ ಯಾವ ದಿಕ್ಕಿಗಿ ಐತಂತ ಸೈತ ಗೊತ್ತಿಲ್ಲ."

ಒಂದು

ಗುಟ್ಟು ಒಡೆದ ಮೇಲೆ ತಡ ಮಾಡಲಿಲ್ಲ. ಮುಂದಿನ ಅಮಾವಾಸ್ಯೆ, ಹೊಲದ ಕೆಲಸ ಇಲ್ಲದ ದಿನ. ಅಂಗಡಿಯ ಬಾಗಿಲು ಹಾಕಿದೆ. ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು ಬಡಿಸಿ, "ಕುಂದ್ರು" ಎಂದೆ.

"ಯಾರರ ಬರಾವ್ರು ಅದಾರೇನು?"

"ಯಾರೂ ಬರೂದಿಲ್ಲ. ಇವತ್ತ ನೀನ ಬೀಗರು."

ಕೂತಳು. ಉಪ್ಪು ತರಲು ಎದ್ದಳು, ಕೂರಿಸಿದೆ. ಉರಿ ಸಣ್ಣ ಮಾಡಲು ಎದ್ದಳು, ಕೂರಿಸಿದೆ. ಮೂರನೆಯ ಸಲ ಸುಮ್ಮನೆ ಎದ್ದಳು. "ಯಾಕ ಎದ್ದಿ?" ಎಂದರೆ, "ಗೊತ್ತಿಲ್ಲ, ಕಾಲು ತಾವ ಎದ್ದಾವು" ಎಂದಳು. ಕೊರಳಲ್ಲಿದ್ದ ಅಳತೆಯ ಟೇಪು ತೆಗೆದು, "ಇನ್ನೊಮ್ಮಿ ಎದ್ರ ಕಟ್ಟಿ ಹಾಕ್ತೀನಿ" ಎಂದೆ. ನಕ್ಕು ಕೂತಳು.

ಲಟ್ಟಿಸಿದೆ, ಮಡಚಿದೆ, ಮತ್ತೆ ಲಟ್ಟಿಸಿ ಹಂಚಿಗೆ ಹಾಕಿದೆ. ಅವತ್ತು ನನ್ನ ಮನಸ್ಸು ಬಾಲಗಾಂವಕ್ಕೂ ಹೋಗಲಿಲ್ಲ, ಎಲ್ಲಿಗೂ ಹೋಗಲಿಲ್ಲ. ಇದ್ದಲ್ಲೇ ಕನಸು ಕಂಡ ಹಾಗಿತ್ತು. ಚಪಾತಿ ಉಬ್ಬಿತು. ಹಂಚಿನಿಂದ ತೆಗೆದವನೇ ಅವಳ ತಾಟಿಗೆ ಹಾಕಿದೆ. ಅವಳು ಹರಿದಾಗ ಉಗಿ ಎದ್ದು ಮುಖ ಮಸುಕಾಯಿತು. ತುತ್ತು ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿದಳು. ಕಣ್ಣಲ್ಲಿ ನೀರು ತುಂಬಿ ಬಂತು.

ಲಟ್ಟಣಿಗೆ ಕೆಳಗಿಟ್ಟು ಅವಳೆದುರು ಕುಕ್ಕರಗಾಲಲ್ಲಿ ಕೂತೆ. "ಇಷ್ಟು ವರ್ಷ ನಾ ಲಕ್ಷ್ಯ ಕೊಡಲಿಲ್ಲ. ನಂದ ತಪ್ಪು. ಅಳಬ್ಯಾಡ" ಎಂದೆ. ಹೇಳುವಾಗ ನನ್ನ ಕಣ್ಣಿನ ನೀರೇ ಮೊದಲು ಕೆಳಗೆ ಬಿತ್ತು.

ಅವಳು ತಡೀರಿ ಎನ್ನುವ ಹಾಗೆ ಕೈ ಮಾಡಿ ಅರ್ಧ ತಂಬಿಗೆ ನೀರು ಕುಡಿದಳು.

"ಯಾರ್ರಿ ಅಳಾಕತ್ತಾರು? ನಾಲಿಗಿ ಸುಟ್ತು. ಬಿಸೀದು ತಿಂದು ನನಗ ರೂಢಿ ಎಲ್ಲೈತ್ರಿ?"

"ಹಂಗಾರ ಆರ್ಲಿ, ಆಮ್ಯಾಲ ತಿನ್ನು" ಎಂದು ತಾಟಿಗೆ ಕೈ ಹಾಕಿದೆ. ಅವಳು ತಾಟನ್ನು ತನ್ನ ಕಡೆಗೆ ಎಳೆದುಕೊಂಡಳು.

"ಬಿಡ್ರಿ ತಾಟು. ಇನ್ನೊಂದು ಹಾಕ್ರಿ. ನಾಳಿಗೂ ಕಣಿಕ ನಾದಿ ಇಡ್ರಿ, ನಾಡದಕ್ಕೂ ಇಡ್ರಿ. ಇಪ್ಪತ್ತೆರಡು ವರ್ಷದ ರೂಢಿ ಒಂದ ಚಪಾತಿಗಿ ಬಿಡೂದಿಲ್ಲ."