ಕಂಪ್ಯೂಟರಿಗೆ ಕಾವು, ನನಗೆ ಬೆವರು

ಹೆದರುವುದಕ್ಕೆ ಬೇರೆಯವರಿಗೆ ಕಾರಣ ಬೇಕಾಗುತ್ತದೆ, ನನಗೆ ಬೇಕಿಲ್ಲ. ಕುಕ್ಕರ್ ಕೂಗಿದರೆ ಬೆಚ್ಚಿಬೀಳುತ್ತೇನೆ, ಕೂಗದಿದ್ದರೆ ಸಿಡಿಯುತ್ತದೇನೋ ಎಂದು ದೂರ ನಿಲ್ಲುತ್ತೇನೆ. ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಮೊದಲು ಕುರ್ಚಿ ಎಳೆದುಕೊಂಡು ಕೂತು, ಆಮೇಲೆ ಎತ್ತುತ್ತೇನೆ. ಇಂಥವಳ ಪಾಲಿಗೆ ಬಂದಿರುವುದು ಮದುವೆ ವಿಡಿಯೊ ಎಡಿಟ್ ಮಾಡುವ ಕೆಲಸ. ಪಿರಿಯಾಪಟ್ಟಣದಲ್ಲಿ ನಮ್ಮ ಯಜಮಾನರದು ಒಂದು ಪುಟ್ಟ ಸ್ಟುಡಿಯೊ. ಅವರು ಕ್ಯಾಮೆರಾ ಹೊತ್ತು ಊರೂರು ತಿರುಗುತ್ತಾರೆ. ನಾನು ಮನೆಯ ಮುಂದಿನ ಕೋಣೆಯಲ್ಲಿ ಕೂತು ವಧೂವರರನ್ನು ಕತ್ತರಿಸಿ ಅಂಟಿಸುತ್ತೇನೆ.

ಈ ಬೇಸಿಗೆಯಲ್ಲಿ ಕಂಪ್ಯೂಟರಿನೊಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಅರಚತೊಡಗಿತು. ಅರಚಿ ಅರಚಿ, ವಿಡಿಯೊ ಅರ್ಧ ತಯಾರಾಗುವಷ್ಟರಲ್ಲಿ ಕಂಪ್ಯೂಟರ್ ತಾನಾಗಿಯೇ ಆರಿಹೋಗುತ್ತಿತ್ತು. ಪ್ರೊಸೆಸರ್ ವಿಪರೀತ ಕಾಯುತ್ತಿದೆ, ಅದರ ಮೇಲಿನ ಕೂಲರ್ ಬದಲಿಸಬೇಕು ಎಂದರು ಯಜಮಾನರು. ಕಾವು ಎಷ್ಟಿದೆ ಎಂದು ತೋರಿಸುವ ಒಂದು ಸಾಫ್ಟ್‌ವೇರನ್ನೂ ಹಾಕಿಕೊಟ್ಟರು. ನನ್ನಂಥವಳಿಗೆ ಹಾಗೆ ಮಾಡಬಾರದಿತ್ತು. ಅಂದಿನಿಂದ ನಾನು ವಧುವನ್ನು ನೋಡುವುದು ಬಿಟ್ಟು ಮೂಲೆಯಲ್ಲಿ ಏರುವ ಅಂಕಿಯನ್ನೇ ನೋಡುತ್ತ ಕೂತೆ. ಹೊಗೆಸೊಪ್ಪು ಬೆಳೆಯುವ ಮನೆಯಿಂದ ಬಂದ ನಮ್ಮತ್ತೆ ಒಮ್ಮೆ ಕಂಪ್ಯೂಟರಿನ ಡಬ್ಬಿಯ ಮೇಲೆ ಕೈಯಿಟ್ಟು, "ಇದೇನೆ, ಹೊಗೆಸೊಪ್ಪು ಬೇಯ್ಸೋ ಬ್ಯಾರನ್ ಮನೆ ಇದ್ದಂಗೆ ಕಾಯ್ತಾ ಅದೆ!" ಎಂದು ಕೈ ಹಿಂದಕ್ಕೆಳೆದುಕೊಂಡರು.

ಅಷ್ಟರಲ್ಲಿ ರಾವಂದೂರು ಕಡೆಯ ಗೌಡರೊಬ್ಬರ ಫೋನು ಬಂತು. ಅವರ ಮಗಳ ಮದುವೆಯನ್ನು ನಾವೇ ಚಿತ್ರಿಸಿದ್ದೆವು. ಮದುವೆಯಾದ ಕೆಲವೇ ವಾರಗಳಲ್ಲಿ ಗೌಡರ ತಾಯಿ ತೀರಿಕೊಂಡಿದ್ದರು.

"ಭಾನುವಾರ ತಿಥಿ ಕಣವ್ವ. ಅಷ್ಟೊತ್ಗೆ ವಿಡಿಯೊ ಕೊಟ್ಬುಡು. ನಮ್ಮವ್ವ ನಗೋದು ಅದ್ರಲ್ಲಿ ಬುಟ್ರೆ ಇನ್ನೆಲ್ಲೂ ಇಲ್ಲ" ಎಂದರು. ಗಟ್ಟಿ ಗಂಟಲಿನ ಮನುಷ್ಯ; ಕೊನೆಯ ಮಾತಿಗೆ ಮಾತ್ರ ದನಿ ಇಳಿದುಹೋಗಿತ್ತು.

ಕಂಪ್ಯೂಟರ್ ಸುಟ್ಟುಹೋದರೆ ಅಜ್ಜಿಯ ನಗುವೂ ಹೋದಂತೆ. ಶೂಟ್ ಮಾಡಿದ್ದನ್ನೆಲ್ಲ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಬಚ್ಚಿಟ್ಟೆ. ಆದರೆ ವಿಡಿಯೊ ತಯಾರಾಗಬೇಕಾದರೆ ಈ ಡಬ್ಬಿಯೇ ಓಡಬೇಕಲ್ಲ! ಯಜಮಾನರು ಎಚ್.ಡಿ. ಕೋಟೆಯ ಮದುವೆಯೊಂದಕ್ಕೆ ಹೋಗಿಯಾಗಿತ್ತು. "ಕಮ್ಮಿ ಬೆಲೇದು ಯಾವ್ದಾದ್ರೂ ಕೂಲರ್ ತಗೊ ಕಣೆ, ಹೆದರ್ಕೋಬೇಡ" ಎಂದು ಫೋನಿಟ್ಟರು.

ಕಮ್ಮಿ ಬೆಲೆಯದನ್ನು ಆರಿಸುವುದೇ ಎಲ್ಲಕ್ಕಿಂತ ಭಯದ ಕೆಲಸ. ಫೋನಿನಲ್ಲಿ ವಿಡಿಯೊಗಳನ್ನು ನೋಡಿದೆ. ಒಬ್ಬ ಚೆನ್ನಾಗಿದೆ ಎಂದಿದ್ದನ್ನು ಇನ್ನೊಬ್ಬ ಕಸ ಎನ್ನುತ್ತಿದ್ದ. ಕೂಲರ್ ಎತ್ತರವಾದರೆ ಡಬ್ಬಿಯ ಬಾಗಿಲು ಮುಚ್ಚುವುದಿಲ್ಲ, ಕುಳ್ಳಾದರೆ ಕಾವು ಇಳಿಯುವುದಿಲ್ಲ. ರವಿಕೆ ಹೊಲಿಯುವ ಟೇಪಿನಿಂದ ಡಬ್ಬಿಯ ಒಳಗನ್ನು ಅಳೆದೆ, ನಂಬಿಕೆ ಬಾರದೆ ಮತ್ತೆ ಅಳೆದೆ. ಅತ್ತೆಗೆ ಕೇಳಿಸಿದ್ದು ಕೂಲರ್ ಎಂಬ ಒಂದೇ ಮಾತು. "ನಮ್ಗೆ ಬೀಸಣ್ಗೆ, ಅದ್ಕೆ ಕೂಲರ್ರಾ?" ಎಂದು ಮುಖ ತಿರುಗಿಸಿದರು.

ಕೊನೆಗೆ ಬಸ್ಸು ಹತ್ತಿ ಹೋದೆ. ಹುಣಸೂರಿನ ಕಂಪ್ಯೂಟರ್ ಅಂಗಡಿಯವರು ಮೂರು ಕೂಲರ್ ಮುಂದಿಟ್ಟರು. ನನ್ನ ಕಣ್ಣು ನೇರ ಬಣ್ಣದ ದೀಪಗಳಿದ್ದದ್ದರ ಮೇಲೆ ಹೋಯಿತು.

"ಅದು ಬ್ಯಾಡ ಬುಡಿ ಅಕ್ಕ. ಲೈಟ್ ಹತ್ತಿದ್ರೆ ತಣ್ಣಗಾಗಲ್ಲ. ಈ ಚಿಕ್ಕದು ನಿಮ್ಮತ್ರ ಇರೋದ್ರ ತಮ್ಮ. ಈ ತಾಮ್ರದ ಕೊಳವೆ ಇರೋದು ತಗೊಳಿ, ಎತ್ತರ ಸರಿಹೋಯ್ತದೆ."

"ನೀವೇ ಬಂದು ಹಾಕ್ಕೊಡ್ತೀರಲ್ವಾ?" ಎಂದೆ.

"ಸೋಮವಾರ ಬತ್ತೀನಿ."

ತಿಥಿ ಭಾನುವಾರ! ನನ್ನ ಮುಖ ನೋಡಿ ಅವರಿಗೇ ಪಾಪ ಅನಿಸಿರಬೇಕು. "ನೀವೇ ಹಾಕ್ಬೋದು ಅಕ್ಕ. ಹಳೇದನ್ನ ಮಾತ್ರ ತಣ್ಣಗಿದ್ದಾಗ ಕೀಳ್ಬೇಡಿ, ಮಧ್ಯದ ಪೇಸ್ಟು ಒಣಗಿ ಅಂಟ್ಕೊಂಡಿರ್ತದೆ, ಪ್ರೊಸೆಸರೂ ಜತೇಲೇ ಕಿತ್ಕೊಂಡು ಬಂದ್ಬುಡ್ತದೆ. ಸ್ವಲ್ಪ ಕಾಯ್ಸಿ, ಆಫ್ ಮಾಡಿ, ಮೆಲ್ಲಗೆ ತಿರುಗ್ಸಿ ತೆಗೀರಿ" ಎಂದರು. ಬಸ್ಸಿನುದ್ದಕ್ಕೂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು "ಕಿತ್ಕೊಂಡು ಬಂದ್ಬುಡ್ತದೆ" ಎಂಬುದನ್ನೇ ಜಪಿಸಿದೆ.

ಮಾರನೆಯ ಬೆಳಿಗ್ಗೆ ಕಂಪ್ಯೂಟರ್ ಕಾಯಿಸಿ, ಆರಿಸಿ, ವೈರು ಕಿತ್ತು ಡಬ್ಬಿ ಬಿಚ್ಚಿದೆ. ಅತ್ತೆ ಟಾರ್ಚು ಹಿಡಿದು ನಿಂತರು. ಹಳೆಯದನ್ನು ತಿರುಗಿಸುವಾಗ ಕಣ್ಣು ಮುಚ್ಚಿಕೊಂಡಿದ್ದೆ. "ತಾಳಿ ಕಟ್ಟೋವಾಗ್ಲೂ ನೀನು ಇಷ್ಟು ಬೆವ್ರಿರ್ನಿಲ್ಲ ಕಣೆ" ಎಂದರು ಅತ್ತೆ. ಕೂಲರ್ ಕೈಗೆ ಬಂತು. ಪ್ರೊಸೆಸರ್ ಪುಣ್ಯಕ್ಕೆ ಜಾಗದಲ್ಲೇ ಇತ್ತು. ಅದರ ಮೇಲೆ ಒಣಗಿದ್ದ ಪೇಸ್ಟನ್ನು ಒರೆಸಿ, ಹೊಸ ಪೇಸ್ಟನ್ನು ತೊಗರಿಕಾಳಿನಷ್ಟು ಹಾಕಿ, ಹೊಸ ಕೂಲರ್ ಕೂರಿಸಿದೆ. ಸ್ಕ್ರೂ ಬಿಗಿಯುವಾಗ ಬೋರ್ಡು ಕಿರ್ ಎಂದಿತು. ನಾನೂ ಕಿರ್ ಎಂದೆ.

ಎಲ್ಲ ಮುಗಿದ ಮೇಲೆ ನೆನಪಾಯಿತು: ಕೂಲರಿನ ಅಡಿಯ ಪ್ಲಾಸ್ಟಿಕ್ ಹಾಳೆಯನ್ನು ಸುಲಿದಿದ್ದೆನೇ? ಸುಲಿಯದಿದ್ದರೆ ಕಾವು ಇಳಿಯುವುದಿಲ್ಲ, ಮತ್ತೆ ಎಲ್ಲ ಬಿಚ್ಚಬೇಕು. ಮೇಜಿನ ಕೆಳಗೆ, ಕಸದ ಬುಟ್ಟಿಯಲ್ಲಿ, ಎಲ್ಲೂ ಹಾಳೆ ಇಲ್ಲ. ಅಳುವೇ ಬಂದುಬಿಟ್ಟಿತು. "ಇದೇನೆ ಅದು?" ಎಂದು ಅತ್ತೆ ಕಾಲೆತ್ತಿ ತೋರಿಸಿದರು. ಹಿಮ್ಮಡಿಗೆ ಹಾಳೆ ಅಂಟಿಕೊಂಡಿತ್ತು. ಆ ಪಾದಕ್ಕೆ ನಾನು ಅಷ್ಟು ಭಕ್ತಿಯಿಂದ ಎಂದೂ ಬಗ್ಗಿರಲಿಲ್ಲ.

ಸ್ವಿಚ್ ಒತ್ತಿದೆ. ಸದ್ದೇ ಇಲ್ಲ. ಅರಚಾಟಕ್ಕೆ ಹೆದರುತ್ತಿದ್ದವಳು ಈಗ ಮೌನಕ್ಕೆ ನಡುಗಿದೆ. ಫ್ಯಾನು ತಿರುಗುತ್ತಿದೆಯೇ ಎಂದು ಬೆರಳು ಹತ್ತಿರ ಒಯ್ದು ಪಟ್ಟನೆ ಏಟೂ ತಿಂದೆ. ತಿರುಗುತ್ತಿತ್ತು! ಸಂಜೆಯೊಳಗೆ ವಿಡಿಯೊ ಒಮ್ಮೆಯೂ ನಿಲ್ಲದೆ ತಯಾರಾಯಿತು.

ಭಾನುವಾರ ಅತ್ತೆಯೊಡನೆ ಗೌಡರ ಮನೆಗೆ ಪೆನ್‌ಡ್ರೈವ್ ಒಯ್ದೆ. ಟಿವಿಯಲ್ಲಿ ಅಜ್ಜಿ ಮೊಮ್ಮಗಳ ತಲೆಗೆ ಅಕ್ಷತೆ ಹಾಕಿ, ಕ್ಯಾಮೆರಾ ಕಂಡು ನಾಚಿ, ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಊಟಕ್ಕೆ ಬಂದವರೆಲ್ಲ ಟಿವಿಯ ಮುಂದೆ ಸೇರಿದರು. ಗೌಡರು ಟವೆಲಿನಿಂದ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಹಾಕವ್ವ" ಎಂದರು. ಹಾಕಿದೆ.

ಅತ್ತೆ ಸುಮ್ಮನಿರಬೇಕಲ್ಲ! ಕಂಪ್ಯೂಟರ್ ಬಿಚ್ಚಿದ ಕಥೆಯನ್ನೆಲ್ಲ ಹೇಳಿಬಿಟ್ಟರು. ಗೌಡರು ನನ್ನನ್ನೇ ನೋಡಿದರು.

"ಧೈರ್ಯಗಾತಿ ಕಣವ್ವ ನೀನು! ನಮ್ಮೂರ ಹಾಲಿನ ಡೈರಿ ಕಂಪ್ಯೂಟ್ರೂ ಹಿಂಗೇ ಬುಸುಗುಡ್ತದೆ. ನೀನೇ ಬಂದು ಬಿಚ್ಚಿ ಸರಿಮಾಡ್ಕೊಡು."

ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು. ಅವರೆದುರು ಗೌಡರಿಗೆ ಆಗುವುದಿಲ್ಲ ಎನ್ನಲು ಎಷ್ಟು ಹೆದರಿಕೆಯಾಯಿತೆಂದರೆ, "ಆಯ್ತು ಗೌಡ್ರೆ, ಬತ್ತೀನಿ" ಎಂದುಬಿಟ್ಟೆ.